ಸ್ಟಾರ್ ವಾರ್ಸ್ ಕಾಮಿಕ್ಸ್: ಎಲ್ಲಿಂದ ಓದಲು ಶುರುಮಾಡುವುದು?

ಎಪ್ಪತ್ತರ ದಶಕದ ಆರಂಭದಲ್ಲಿ ಜಾರ್ಜ್ ಲ್ಯೂಕಸ್ ಅವರಿಗೆ ‘ಫ್ಲ್ಯಾಶ್ ಗಾರ್ಡನ್’ ಸಿನಿಮಾ ಮಾಡುವ ಆಸೆಯಿತ್ತು. ಅಲೆಕ್ಸ್ ರೇಮಂಡ್ 1934ರಲ್ಲಿ ಅಮೆರಿಕದ ಪತ್ರಿಕೆಗಳಿಗೆ ಬರೆಯತೊಡಗಿದ ಆ ಚಿತ್ರಸರಣಿ, ಅದರಿಂದ ಹುಟ್ಟಿದ ಧಾರಾವಾಹಿ ಸಿನಿಮಾಗಳು ಲ್ಯೂಕಸ್ ಅವರ ಬಾಲ್ಯವನ್ನು ತುಂಬಿದ್ದವು. ಅದರ ಹಕ್ಕು ಸಿಗಲಿಲ್ಲ. ಸಿಗಲಿಲ್ಲವೆಂದೇ ಅವರು ತಮ್ಮದೇ ನಕ್ಷತ್ರಲೋಕವೊಂದನ್ನು ಕಟ್ಟಿದರು. ಸ್ಟಾರ್ ವಾರ್ಸ್ ಸಿನಿಮಾಗಳ ಆರಂಭದಲ್ಲಿ ಕತ್ತಲೆಯೊಳಗೆ ತೇಲಿಹೋಗುವ ಹಳದಿ ಅಕ್ಷರಗಳು ಆ ಹಳೆಯ ಧಾರಾವಾಹಿಗಳ ಬಳುವಳಿ. ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್, ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್‌ರನ್ನು ಓದಿದ ನಮ್ಮ ಹಿರಿಯ ಓದುಗರಿಗೆ ಈ ವಂಶಾವಳಿ ಕೇಳಿದೊಡನೆ ಹಿಡಿಯುತ್ತದೆ. ಈ ಸಿನಿಮಾ ಕಾಮಿಕ್ಸ್‌ನ ಮಗು. ಆದ್ದರಿಂದ ಅದರ ಹೆಸರಿನಲ್ಲಿ ಬಂದ ಕಾಮಿಕ್ಸ್ ಪುಸ್ತಕಗಳನ್ನು ಆಟಿಕೆ, ಟೀ ಶರ್ಟುಗಳ ಸಾಲಿಗೆ ಸೇರಿಸಿ ಪಕ್ಕಕ್ಕಿಡುವುದು ತಪ್ಪು.

ಪುಸ್ತಕ ಸಿನಿಮಾಕ್ಕಿಂತ ಮೊದಲೇ ಬಂತು ಎಂಬುದೂ ಹಲವರಿಗೆ ಗೊತ್ತಿಲ್ಲ. ಸಿನಿಮಾ ತೆರೆಕಂಡದ್ದು 1977ರ ಮೇ 25ರಂದು. ಮಾರ್ವೆಲ್‌ನ ಮೊದಲ ಸಂಚಿಕೆ ಏಪ್ರಿಲ್‌ನಲ್ಲೇ ಅಂಗಡಿಗಳಲ್ಲಿತ್ತು. ಲ್ಯೂಕಸ್‌ಫಿಲ್ಮ್‌ನ ಪ್ರಚಾರ ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಲಿಪಿನ್‌ಕಾಟ್ ಹಟಹಿಡಿದು ಮಾರ್ವೆಲ್‌ನ ರಾಯ್ ಥಾಮಸ್ ಅವರನ್ನು ಒಪ್ಪಿಸಿದ್ದರು. ಥಾಮಸ್ ಬರೆದರು, ಹವರ್ಡ್ ಚೇಕಿನ್ ಚಿತ್ರ ಬಿಡಿಸಿದರು. ಕಂಪನಿಗೆ ಹಣದ ಮುಗ್ಗಟ್ಟಿದ್ದ ಆ ದಿನಗಳಲ್ಲಿ ಮಾರ್ವೆಲನ್ನು ಉಳಿಸಿದ್ದು ಈ ಸರಣಿಯೇ ಎಂದು ಮುಂದೆ ಅಲ್ಲಿ ಪ್ರಧಾನ ಸಂಪಾದಕರಾದ ಜಿಮ್ ಶೂಟರ್ ಬರೆದಿದ್ದಾರೆ.

ಅಲ್ಲಿಂದ ಇಲ್ಲಿಯವರೆಗೆ ಸಾವಿರಕ್ಕೂ ಹೆಚ್ಚು ಸಂಚಿಕೆಗಳು ಬಂದಿವೆ. 1977ರಿಂದ 1986ರವರೆಗೆ ಮಾರ್ವೆಲ್, 1991ರಿಂದ 2014ರವರೆಗೆ ಡಾರ್ಕ್ ಹಾರ್ಸ್, 2015ರಿಂದ ಮತ್ತೆ ಮಾರ್ವೆಲ್. ಒಂದೇ ಹೆಸರಿನ ಸರಣಿ ನಾಲ್ಕಾರು ಸಲ ಒಂದನೇ ಸಂಚಿಕೆಯಿಂದ ಶುರುವಾಗಿದೆ. ‘ಡಾರ್ತ್ ವೇಡರ್’ ಒಂದನೇ ಸಂಚಿಕೆ ಎಂದರೆ ಯಾವುದು? 2015ರದ್ದೋ, 2017ರದ್ದೋ, 2020ರದ್ದೋ? ಹೊಸಬರು ಇಲ್ಲೇ ಸೋತು ಕೈಬಿಡುತ್ತಾರೆ.

ಅವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡು. ಕಥೆಯೊಳಗಿನ ಕಾಲದ ಕ್ರಮದಲ್ಲಿ ಓದಿ ಎನ್ನುವುದು ಮೊದಲನೆಯದು. ಇದನ್ನು ನಾನು ಒಪ್ಪುವುದಿಲ್ಲ. ಆ ಕ್ರಮ ಹಿಡಿದರೆ ಮೊದಲು ಕೈಗೆ ಬರುವುದು ‘ಡಾನ್ ಆಫ್ ದ ಜೆಡೈ’. ಅದು ಸಿನಿಮಾಗಳಿಗಿಂತ ಸುಮಾರು ಇಪ್ಪತ್ತೈದು ಸಾವಿರ ವರ್ಷ ಹಿಂದಿನ ಕಥೆ. ಅಲ್ಲಿ ನಿಮಗೆ ಗೊತ್ತಿರುವ ಒಂದು ಮುಖವೂ ಇಲ್ಲ, ಒಂದು ಊರೂ ಇಲ್ಲ. ಬರೆದವರು ಯಾರೂ ಆ ಕ್ರಮದಲ್ಲಿ ಬರೆದಿಲ್ಲ. ಹಿಂದಿನ ಕಾಲದ ಕಥೆಗಳೆಲ್ಲ ನಂತರ ಹುಟ್ಟಿದವು, ಸಿನಿಮಾ ನೋಡಿದವರ ಕುತೂಹಲವನ್ನೇ ನೆಚ್ಚಿ ಹುಟ್ಟಿದವು.

ಎರಡನೆಯ ಸಲಹೆ, ‘ಅಧಿಕೃತ’ವಾದದ್ದನ್ನು ಮಾತ್ರ ಓದಿ ಎಂಬುದು. ಇದರ ಹಿನ್ನೆಲೆ ತಿಳಿದಿರಬೇಕು. ಡಿಸ್ನಿ 2009ರಲ್ಲಿ ಮಾರ್ವೆಲನ್ನೂ 2012ರಲ್ಲಿ ಲ್ಯೂಕಸ್‌ಫಿಲ್ಮನ್ನೂ ಕೊಂಡಿತು. ಹೊಸ ಸಿನಿಮಾಗಳಿಗೆ ದಾರಿ ಬಿಡಿಸಬೇಕಿತ್ತು. 2014ರ ಏಪ್ರಿಲ್‌ನಲ್ಲಿ ಲ್ಯೂಕಸ್‌ಫಿಲ್ಮ್ ಅಲ್ಲಿಯವರೆಗಿನ ಕಾದಂಬರಿ, ಕಾಮಿಕ್ಸ್, ಆಟಗಳ ಕಥೆಗಳನ್ನೆಲ್ಲ ‘ಲೆಜೆಂಡ್ಸ್’ ಎಂಬ ಹೆಸರಿನಡಿ ಬೇರೆಯಾಗಿಟ್ಟಿತು. ಆರು ಸಿನಿಮಾ, ‘ಕ್ಲೋನ್ ವಾರ್ಸ್’ ಅನಿಮೇಷನ್, ಮತ್ತು ಅಂದಿನಿಂದ ಮುಂದೆ ಬರುವುದು ಇಷ್ಟೇ ಅಧಿಕೃತ ಎಂದಾಯಿತು. ಮೂವತ್ತೇಳು ವರ್ಷಗಳ ದುಡಿಮೆಗೆ ಒಂದು ಪ್ರಕಟಣೆಯಲ್ಲಿ ಬೇರೆ ಹಣೆಪಟ್ಟಿ ಬಿತ್ತು. ಓದುಗ ಈ ಗೆರೆಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ. ಪಕ್ಕಕ್ಕಿಟ್ಟ ಆ ಉಗ್ರಾಣಕ್ಕೆ ಸಿನಿಮಾದವರೇ ಆಗಾಗ ಕೈಹಾಕುತ್ತಾರೆ. ಸತ್ತ ಚಕ್ರವರ್ತಿ ಪಾಲ್ಪಟೀನ್ ತದ್ರೂಪಿ ದೇಹದಲ್ಲಿ ಮರಳಿ ಬರುವ ಕಥೆ 2019ರ ‘ದ ರೈಸ್ ಆಫ್ ಸ್ಕೈವಾಕರ್’ ಸಿನಿಮಾದಲ್ಲಿದೆ. ಅದೇ ಕಲ್ಪನೆ 1991ರ ‘ಡಾರ್ಕ್ ಎಂಪೈರ್’ ಕಾಮಿಕ್ಸ್‌ನಲ್ಲಿ ಆಗಲೇ ಇತ್ತು.

ಹಾಗಾದರೆ ಯಾವುದನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು? ನನ್ನ ಮಟ್ಟಿಗೆ ಈ ಕಾಮಿಕ್ಸ್‌ನ ನಿಜವಾದ ಶಕ್ತಿಯಿರುವುದು ಎರಡು ಸಿನಿಮಾಗಳ ನಡುವಿನ ಖಾಲಿ ಜಾಗದಲ್ಲಿ. ಕರಾವಳಿ, ಮಲೆನಾಡಿನ ಯಕ್ಷಗಾನದ ಪ್ರೇಕ್ಷಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರ್ಣ ಸಾಯುತ್ತಾನೆಂದು ಗೊತ್ತಿದ್ದೇ ಕರ್ಣಪರ್ವಕ್ಕೆ ಹೋಗಿ ಬೆಳಗಿನವರೆಗೆ ಕೂರುತ್ತಾರೆ. ಕೊನೆ ಗೊತ್ತಿರುವುದರಿಂದಲೇ ನಡುವಿನ ಮಾತಿಗೆ ತೂಕ ಬರುತ್ತದೆ. ಸಿನಿಮಾ ನೋಡುವಾಗ ಯಾವ ಪ್ರಶ್ನೆ ನಿಮ್ಮಲ್ಲಿ ಉಳಿಯಿತೋ ಅದಕ್ಕೆ ಉತ್ತರಿಸುವ ಸರಣಿಯೇ ನಿಮ್ಮ ಮೊದಲ ಪುಸ್ತಕವಾಗಬೇಕು.

ಅಂಥ ಪ್ರಶ್ನೆಗಳಲ್ಲಿ ಅತಿ ದೊಡ್ಡದು ಇದು. 1977ರ ಸಿನಿಮಾದ ಕೊನೆಯಲ್ಲಿ ಡೆತ್ ಸ್ಟಾರ್ ಎಂಬ ಯುದ್ಧನೆಲೆಯನ್ನು ಸಿಡಿಸಿದ ಹುಡುಗ ಲೂಕ್ ತನ್ನದೇ ಮಗನೆಂದು ಡಾರ್ತ್ ವೇಡರ್‌ಗೆ ಗೊತ್ತಿಲ್ಲ. 1980ರ ‘ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಶುರುವಾಗುವ ಹೊತ್ತಿಗೆ ಅವನು ಸ್ಕೈವಾಕರ್‌ನನ್ನು ಹೆಸರು ಹಿಡಿದು ಹುಡುಕುತ್ತಿದ್ದಾನೆ. ಹೇಗೆ ತಿಳಿಯಿತು? ಯಾರು ಹೇಳಿದರು? ತಿಳಿದ ಆ ಕ್ಷಣದಲ್ಲಿ ಆ ಮುಖವಾಡದ ಹಿಂದೆ ಏನಾಯಿತು? ಸಿನಿಮಾ ಒಂದು ಮಾತನ್ನೂ ಹೇಳುವುದಿಲ್ಲ.

ಕೀರನ್ ಗಿಲೆನ್ ಬರೆದು ಸಾಲ್ವಡೋರ್ ಲಾರೋಕಾ ಚಿತ್ರಿಸಿದ 2015ರ ‘ಡಾರ್ತ್ ವೇಡರ್’ ನಿಂತಿರುವುದು ಈ ಪ್ರಶ್ನೆಯ ಮೇಲೆ. ಇಪ್ಪತ್ತೈದು ಸಂಚಿಕೆ, ಆದಿ ಅಂತ್ಯವಿರುವ ಒಂದು ಕಥೆ. ಸ್ಟಾರ್ ವಾರ್ಸ್ ಕಾಮಿಕ್ಸ್‌ಗೆ ಒಂದೇ ಬಾಗಿಲು ತೋರಿಸಿ ಎಂದರೆ ನಾನು ತೋರಿಸುವುದು ಇದನ್ನೇ. ಕಥೆ ತೆರೆದಾಗ ವೇಡರ್ ಸೋತ ಸೇನಾನಿ. ಡೆತ್ ಸ್ಟಾರ್ ನಾಶದ ಹೊಣೆ ಅವನ ತಲೆಯ ಮೇಲಿದೆ. ಚಕ್ರವರ್ತಿ ಅವನನ್ನು ಟ್ಯಾಗಿ ಎಂಬ ಸೇನಾಧಿಕಾರಿಯ ಕೈಕೆಳಗೆ ಹಾಕಿದ್ದಾನೆ. ಮೊದಲ ಸಿನಿಮಾದ ಸಭೆಯಲ್ಲಿ, ಬಂಡುಕೋರರನ್ನು ಹಗುರವಾಗಿ ಕಾಣಬೇಡಿ ಎಂದು ಎಚ್ಚರಿಸುತ್ತಾನಲ್ಲ, ಅದೇ ಅಧಿಕಾರಿ. ಅವನು ಲೆಕ್ಕಪತ್ರದ ಮನುಷ್ಯ. ವೇಡರ್‌ನ ಜಾಗಕ್ಕೆ ಬೇರೆ ಸ್ಪರ್ಧಿಗಳನ್ನೂ ತಯಾರು ಮಾಡಲಾಗುತ್ತಿದೆ. ಹೀಗಾಗಿ ಇಡೀ ಸಾಮ್ರಾಜ್ಯವೇ ಹೆದರುವ ವ್ಯಕ್ತಿ ಗುಟ್ಟಾಗಿ ತನ್ನದೇ ಬಲ ಕೂಡಿಸಿಕೊಳ್ಳಬೇಕಾಗುತ್ತದೆ.

ಆ ಗುಟ್ಟಿನ ಕೆಲಸಕ್ಕೆ ಅವನು ಆರಿಸಿಕೊಳ್ಳುವವಳು ಡಾಕ್ಟರ್ ಆಫ್ರಾ. ಮೂರನೇ ಸಂಚಿಕೆಯಲ್ಲಿ ಬರುವ ಈ ಪುರಾತತ್ವಜ್ಞೆ ಹಳೆಯ ಆಯುಧ, ಯಂತ್ರಗಳನ್ನು ಅಗೆದು ಕದ್ದು ಮಾರುವವಳು. ಅವಳೊಂದಿಗೆ ಎರಡು ಯಂತ್ರಮಾನವರು. ಸಿನಿಮಾದ ಸಿ-ತ್ರೀಪಿಓ, ಆರ್‌ಟೂ-ಡಿಟೂ ಜೋಡಿಯನ್ನೇ ಕನ್ನಡಿಯಲ್ಲಿ ತಿರುಗಿಸಿದಂತೆ ಇವೆರಡು. ಒಂದು ಅತಿ ವಿನಯದಿಂದ ಮಾತಾಡುತ್ತ ಚಿತ್ರಹಿಂಸೆಯಲ್ಲಿ ಸಂತೋಷಪಡುತ್ತದೆ, ಇನ್ನೊಂದು ಮೈತುಂಬ ಬಂದೂಕು ಹೊತ್ತ ಕೊಲೆಗಾರ. ಆಫ್ರಾಗೆ ತನ್ನ ಸ್ಥಿತಿಯ ಬಗ್ಗೆ ಭ್ರಮೆಯಿಲ್ಲ. ವೇಡರ್‌ನ ಗುಟ್ಟು ಹೊತ್ತವರು ಬದುಕುವುದಿಲ್ಲ ಎಂದು ಅವಳಿಗೆ ಮೊದಲ ದಿನದಿಂದ ಗೊತ್ತು. ಗೊತ್ತಿದ್ದೂ ಅವಳು ಹರಟುತ್ತಾಳೆ, ನಗಿಸುತ್ತಾಳೆ, ಕೆಲಸ ಮಾಡುತ್ತಾಳೆ. ಮುಖವಿಲ್ಲದ, ಮಾತು ಕಡಿಮೆಯ ನಾಯಕನ ಪಕ್ಕದಲ್ಲಿ ಇಷ್ಟು ಮಾತಿನ ಪಾತ್ರವನ್ನು ನಿಲ್ಲಿಸಿದ್ದು ಗಿಲೆನ್ ಅವರ ಜಾಣ್ಮೆ. ಓದುಗರು ಅವಳನ್ನು ಎಷ್ಟು ಹಚ್ಚಿಕೊಂಡರೆಂದರೆ 2016ರ ಕೊನೆಗೆ ಅವಳ ಹೆಸರಿನಲ್ಲೇ ಸರಣಿ ಶುರುವಾಗಿ ನಲವತ್ತು ಸಂಚಿಕೆ ನಡೆಯಿತು. ಸಿನಿಮಾದಲ್ಲಿ ಒಮ್ಮೆಯೂ ಕಾಣಿಸದೆ, ಕಾಮಿಕ್ಸ್‌ನಲ್ಲೇ ಹುಟ್ಟಿ ಇಷ್ಟು ಬೆಳೆದ ಪಾತ್ರ ಹೊಸ ಕಾಲದಲ್ಲಿ ಇನ್ನೊಂದಿಲ್ಲ.

‘ಡಾರ್ತ್ ವೇಡರ್’ ಆರನೇ ಸಂಚಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬಾಡಿಗೆ ಬೇಟೆಗಾರ ಬೋಬಾ ಫೆಟ್ ಬಂದು ಹುಡುಗನ ಹೆಸರು ಹೇಳುತ್ತಾನೆ. ಹಡಗಿನ ಕಿಟಕಿಯೆದುರು ನಿಂತ ವೇಡರ್ ಅಲುಗಾಡುವುದಿಲ್ಲ. ಅವನ ಮುಂದಿನ ಗಾಜು ಬಿರುಕು ಬಿಡುತ್ತದೆ. ನಡುನಡುವೆ ತೀರಿಹೋದ ಹೆಂಡತಿ ಪದ್ಮೆಯ ನೆನಪಿನ ಚೌಕಟ್ಟುಗಳು. ಮಾತು ಬಹಳ ಕಡಿಮೆ. ನಟನ ಮುಖವಿಲ್ಲ, ಧ್ವನಿಯಿಲ್ಲ, ಸಂಗೀತವಿಲ್ಲ. ಅಲುಗದ ಮುಖವಾಡವನ್ನು ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಹಾಗೆಯೇ ಇಟ್ಟು, ಸುತ್ತಲಿನದನ್ನು ಮಾತ್ರ ಬದಲಿಸಿ ದುಃಖವನ್ನೂ ಕೋಪವನ್ನೂ ಕಾಣಿಸುವುದು ಕಾಮಿಕ್ಸ್‌ನಿಂದ ಮಾತ್ರ ಇಷ್ಟು ಚೆನ್ನಾಗಿ ಆಗುವ ಕೆಲಸ. ಲಾರೋಕಾ ಅವರು ಸಿನಿಮಾದ ಸ್ಥಿರಚಿತ್ರಗಳನ್ನು ಮುಂದಿಟ್ಟುಕೊಂಡು ಬಿಡಿಸಿದಂತೆ ತೋರುವ ಮುಖಗಳು ಬೇರೆ ಕಡೆ ನನಗೆ ಹಿಡಿಸುವುದಿಲ್ಲ. ನಟರ ಮುಖ ಕಡಿಮೆಯಿರುವ ಈ ಸರಣಿಯಲ್ಲಿ ಆ ತೊಡಕು ಅಷ್ಟಾಗಿಲ್ಲ.

ಇದರ ಜೊತೆಗೇ ಓದಬೇಕಾದದ್ದು 2015ರ ಜನವರಿಯಲ್ಲಿ ಶುರುವಾದ ‘ಸ್ಟಾರ್ ವಾರ್ಸ್’. ಜೇಸನ್ ಆರನ್ ಬರೆದ, ಜಾನ್ ಕ್ಯಾಸಡೇ ಚಿತ್ರಿಸಿದ ಇದರ ಮೊದಲ ಸಂಚಿಕೆಗೆ ಅಂಗಡಿಗಳಿಂದ ಬಂದ ಬೇಡಿಕೆಯೇ ಹತ್ತು ಲಕ್ಷ ಪ್ರತಿಗಳ ಆಸುಪಾಸು. ಲೂಕ್, ಲೀಯಾ, ಹಾನ್ ಮೂವರೂ ಇಲ್ಲಿದ್ದಾರೆ. ಮೊದಲ ಸಿನಿಮಾದ ಹುರುಪು ಹಾಗೆಯೇ ಇದೆ. ಮೊದಲ ಆರು ಸಂಚಿಕೆಗಳನ್ನು ‘ಸ್ಕೈವಾಕರ್ ಸ್ಟ್ರೈಕ್ಸ್’ ಎಂಬ ಸಂಪುಟವಾಗಿ ಕಟ್ಟಿದ್ದಾರೆ. ವೇಡರ್‌ನ ಮೊದಲ ಸಂಪುಟ ಅದರ ಇನ್ನೊಂದು ಮಗ್ಗುಲು. ಎರಡೂ ಸರಣಿಗಳ ಎರಡೆರಡು ಸಂಪುಟ ಮುಗಿಸಿದ ಮೇಲೆ ‘ವೇಡರ್ ಡೌನ್’ ಸಿಗುತ್ತದೆ. ಒಂದು ನಿರ್ಜನ ಗ್ರಹದಲ್ಲಿ ವೇಡರ್ ಒಬ್ಬನೇ, ಸುತ್ತ ಬಂಡುಕೋರರ ಪಡೆ. ಅಲ್ಲಿಯವರೆಗೆ ಓದಿದವರಿಗೆ ಮುಂದಿನ ದಾರಿ ಯಾರೂ ಹೇಳಬೇಕಾಗಿಲ್ಲ. ಆರನ್, ಗಿಲೆನ್, ಗ್ರೆಗ್ ಪಾಕ್ ಅವರ ಕೈಗಳಲ್ಲಿ ಸಾಗಿದ ಆ ‘ಸ್ಟಾರ್ ವಾರ್ಸ್’ 75ನೇ ಸಂಚಿಕೆಗೆ 2019ರಲ್ಲಿ ಮುಗಿಯಿತು. ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ಮೊದಲ ಒಂದು ವರ್ಷದ ಬಿಗುವು ಆಮೇಲೆ ಅಷ್ಟಾಗಿ ಕಾಣುವುದಿಲ್ಲ.

‘ರಿವೆಂಜ್ ಆಫ್ ದ ಸಿತ್’ ಸಿನಿಮಾ ಮನಸ್ಸು ಕಲಕಿದವರಿಗೆ ಬೇರೆ ಬಾಗಿಲಿದೆ. ಚಾರ್ಲ್ಸ್ ಸೂಲ್ ಬರೆದು ಜುಸೆಪ್ಪೆ ಕಮುಂಕೊಲಿ ಚಿತ್ರಿಸಿದ 2017ರ ‘ಡಾರ್ತ್ ವೇಡರ್’ ಆ ಸಿನಿಮಾದ ಕೊನೆಯ ಕೂಗಿನ ಮರುಗಳಿಗೆಯಲ್ಲೇ ಶುರುವಾಗುತ್ತದೆ. ಇದೂ ಇಪ್ಪತ್ತೈದು ಸಂಚಿಕೆ. ವೇಡರ್‌ನ ಬೆಳಕಿನ ಖಡ್ಗವನ್ನು ಅವನ ಗುರು ಓಬಿವಾನ್ ಒಯ್ದಾಗಿದೆ. ಹೊಸದು ಬೇಕೆಂದರೆ ಬದುಕುಳಿದ ಜೆಡೈ ಒಬ್ಬನನ್ನು ಕೊಂದು ಅವನ ಸ್ಫಟಿಕವನ್ನು ಕಸಿದು, ತನ್ನ ನೋವನ್ನೆಲ್ಲ ಅದರೊಳಗೆ ಸುರಿದು ಕೆಂಪಾಗಿಸಬೇಕು. ಸಿತ್‌ಗಳ ಖಡ್ಗ ಏಕೆ ಕೆಂಪು ಎಂಬ ಮಕ್ಕಳ ಪ್ರಶ್ನೆಗೆ ಇಷ್ಟು ಕ್ರೂರವಾದ ಉತ್ತರ ಕೊಟ್ಟ ಸರಣಿ ಇದು. ತನ್ನ ಮೈ ಸುಟ್ಟ ಮುಸ್ತಾಫರ್‌ನಲ್ಲೇ ವೇಡರ್ ಏಕೆ ಕೋಟೆ ಕಟ್ಟಿಸಿಕೊಂಡ ಎಂಬುದಕ್ಕೂ ಉತ್ತರ ಕೊನೆಯ ಭಾಗದಲ್ಲಿದೆ. ಗಿಲೆನ್ ಅವರದಕ್ಕಿಂತ ಇದು ಉತ್ತಮ ಎನ್ನುವ ಓದುಗರು ಬಹಳ. ಹಾಸ್ಯದ ಬೆಳಕಿಲ್ಲದ ಈ ಕತ್ತಲೆಯನ್ನು ಎರಡನೆಯದಾಗಿ ಓದುವುದು ವಾಸಿ ಎಂಬುದು ನನ್ನ ಅನಿಸಿಕೆ.

ಇನ್ನು 2020ರ ಸರಣಿಗಳು. ‘ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ನಂತರ, ಕೈ ಕಳೆದುಕೊಂಡ ಲೂಕ್‌ನಿಂದ ಸೂಲ್ ಅವರ ‘ಸ್ಟಾರ್ ವಾರ್ಸ್’ ಶುರುವಾದರೆ, ಮಗನನ್ನು ತನ್ನಿಂದ ಬಚ್ಚಿಟ್ಟವರು ಯಾರೆಂದು ಹುಡುಕುತ್ತ ಪದ್ಮೆಯ ಊರಿಗೆ ಹೋಗುವ ವೇಡರ್‌ನಿಂದ ಪಾಕ್ ಅವರ ಸರಣಿ ಶುರುವಾಗುತ್ತದೆ. ಎರಡೂ ಐವತ್ತು ಸಂಚಿಕೆ ನಡೆದವು. ಆರಂಭಗಳು ಸೊಗಸು. ಆದರೆ ಬೇಗನೆ ‘ವಾರ್ ಆಫ್ ದ ಬೌಂಟಿ ಹಂಟರ್ಸ್’ ಎಂಬ 2021ರ ಮಹಾಮಿಲನದೊಳಗೆ ಸಿಕ್ಕಿಕೊಳ್ಳುತ್ತವೆ. ಒಂದು ಕಥೆ ಅರ್ಥವಾಗಲು ಇನ್ನೂ ನಾಲ್ಕು ಸರಣಿ ಕೊಳ್ಳಬೇಕಾದ ಈ ಪದ್ಧತಿ ಹೊಸ ಓದುಗರಿಗೆ ಮಾಡುವ ಅನ್ಯಾಯ. ಇಲ್ಲಿಂದ ಶುರುಮಾಡಬೇಡಿ. ‘ಹೈ ರಿಪಬ್ಲಿಕ್’ ಕಾಮಿಕ್ಸ್ ಕೂಡ ಜೊತೆಗೆ ಬಂದ ಕಾದಂಬರಿಗಳ ಮೇಲೆ ಒರಗಿ ನಿಂತಿದೆ, ಕಾದಂಬರಿ ಓದುವವರಿಗೆ ಮಾತ್ರ ಅದು ಸರಿ.

ಒಂದೇ ಸಲ ಕೂತು ಮುಗಿಸಿ ರುಚಿ ನೋಡಬೇಕೆನ್ನುವವರಿಗೆ ಐದೇ ಸಂಚಿಕೆಯ ‘ಲ್ಯಾಂಡೊ’ ಇದೆ. ಸೂಲ್ ಮತ್ತು ಅಲೆಕ್ಸ್ ಮಲೀವ್ ಅವರ 2015ರ ಕೃತಿ. ಲ್ಯಾಂಡೊ ಕದಿಯುವ ಹಡಗು ಚಕ್ರವರ್ತಿಯದೇ ಎಂದು ಅವನಿಗೆ ತಡವಾಗಿ ತಿಳಿಯುತ್ತದೆ. ಸಿನಿಮಾದಲ್ಲಿ ಮಾತೇ ಆಡದ ಲೋಬೋಟ್ ಏಕೆ ಹಾಗಾದ ಎಂಬುದು ಇಲ್ಲಿ ಗೊತ್ತಾಗುತ್ತದೆ. ಈ ಚಿಕ್ಕ ಪುಸ್ತಕದ ಕೊನೆ ಹಲವು ದೊಡ್ಡ ಸರಣಿಗಳ ಕೊನೆಗಿಂತ ಹೆಚ್ಚು ನೋಯಿಸುತ್ತದೆ.

ಲೆಜೆಂಡ್ಸ್ ಎಂಬ ಹಣೆಪಟ್ಟಿಯ ಹಿಂದಿರುವ ಸಂಪತ್ತಿನ ಬಗ್ಗೆ ಇನ್ನಷ್ಟು ಹೇಳಬೇಕು. ಅಲ್ಲಿ ಓದುಗರ ಕಾಲು ಬೀಳುವುದು ಕಡಿಮೆಯಾಗುತ್ತಿದೆ.

ಮಾರ್ವೆಲ್‌ನ ಹಳೆಯ 107 ಸಂಚಿಕೆಗಳ ಸ್ಥಿತಿ ವಿಚಿತ್ರವಾಗಿತ್ತು. ಮುಂದಿನ ಸಿನಿಮಾದಲ್ಲಿ ಏನಾಗುತ್ತದೆಂದು ಬರೆಯುವವರಿಗೆ ಗೊತ್ತಿರಲಿಲ್ಲ. ‘ಎಂಪೈರ್’ ಆದಮೇಲೆ ಮೂರು ವರ್ಷ ಹಾನ್ ಸೋಲೊ ಹೆಪ್ಪುಗಟ್ಟಿ ಮಲಗಿದ್ದ, ಅತಿ ಜನಪ್ರಿಯ ಪಾತ್ರವನ್ನು ಮುಟ್ಟುವಂತಿರಲಿಲ್ಲ. ಅಪರಾಧಲೋಕದ ದೊರೆ ಜಬ್ಬಾನನ್ನು ತೆರೆಯ ಮೇಲೆ ಯಾರೂ ನೋಡಿರದ ಕಾಲದಲ್ಲಿ ಅವನನ್ನು ಎರಡು ಕಾಲಿನ, ತೆಳ್ಳಗಿನ ಹಳದಿ ಜೀವಿಯಾಗಿ ಬಿಡಿಸಿದರು. ಕುರೊಸಾವಾ ಅವರ ‘ಸೆವೆನ್ ಸಮುರಾಯ್’ ಮಾದರಿಯಲ್ಲಿ ಹಳ್ಳಿ ಕಾಯಲು ಹಾನ್ ಕಟ್ಟುವ ತಂಡದಲ್ಲಿ ಜ್ಯಾಕ್ಸನ್ ಎಂಬ ಹಸಿರು ಮೊಲವಿದೆ. ಇಂಥವನ್ನು ನೋಡಿ ನಕ್ಕು ಸರಣಿಯನ್ನೇ ತಳ್ಳಿಹಾಕುವವರು ಡೇವಿಡ್ ಮಿಖಲೀನಿ ಮತ್ತು ವಾಲ್ಟ್ ಸೈಮನ್‌ಸನ್ ಅವರ 1982ರ ಸಂಚಿಕೆಗಳನ್ನು ಓದಿಲ್ಲ. ಗುರಿಯಂತ್ರವನ್ನು ಆರಿಸಿ, ಫೋರ್ಸ್ ಅನ್ನು ನಂಬಿ ಲೂಕ್ ಒಂದು ಶತ್ರುವಿಮಾನ ಹೊಡೆದುರುಳಿಸುತ್ತಾನೆ. ಅದರೊಳಗಿದ್ದವಳು ಅವನ ಗೆಳತಿ ಶೀರಾ ಬ್ರೀ. ತಾನು ನಂಬಿದ ಶಕ್ತಿಯೇ ತನ್ನನ್ನು ವಂಚಿಸಿತೆ ಎಂಬ ಸಂಕಟದಲ್ಲಿ ಅವನು ಬೀಳುತ್ತಾನೆ. ಮುಂದಿನ ತಿರುವು ನಾನು ಹೇಳುವುದಿಲ್ಲ. ಮೊದಲ ಸಿನಿಮಾದ ಅತ್ಯಂತ ಪ್ರಿಯ ಗಳಿಗೆಯನ್ನೇ ಎತ್ತಿ ಪ್ರಶ್ನಿಸುವ ಧೈರ್ಯ ಮುಂದಿನ ಸಿನಿಮಾಗಳಲ್ಲೂ ಅಪರೂಪ. ಚಿತ್ರಕಲೆಯ ದೃಷ್ಟಿಯಿಂದ ನೋಡುವವರು ಆಲ್ ವಿಲಿಯಮ್‌ಸನ್ ಬಿಡಿಸಿದ ‘ಎಂಪೈರ್’ ರೂಪಾಂತರವನ್ನು ಬಿಡಬಾರದು. ಇವರು ಅರವತ್ತರ ದಶಕದಲ್ಲಿ ಫ್ಲ್ಯಾಶ್ ಗಾರ್ಡನ್ ಬಿಡಿಸಿದ್ದವರು. ರೇಮಂಡ್ ಅವರ ಕುಂಚದ ಪರಂಪರೆ ಅವರ ಮೂಲಕ ನೇರವಾಗಿ ಸ್ಟಾರ್ ವಾರ್ಸ್‌ಗೆ ಬಂತು.

ಡಾರ್ಕ್ ಹಾರ್ಸ್ ಕೈಗೆ ಹಕ್ಕು ಬಂದಾಗ ಸ್ಟಾರ್ ವಾರ್ಸ್ ಹೆಚ್ಚುಕಡಿಮೆ ಮಲಗಿತ್ತು. ಟಾಮ್ ವೀಚ್ ಬರೆದು ಕ್ಯಾಮ್ ಕೆನಡಿ ಚಿತ್ರಿಸಿದ ‘ಡಾರ್ಕ್ ಎಂಪೈರ್’, ಅದೇ 1991ರಲ್ಲಿ ಬಂದ ಟಿಮೊತಿ ಜ್ಯಾನ್ ಅವರ ಕಾದಂಬರಿಯೊಂದಿಗೆ ಸೇರಿ ಅದನ್ನು ಎಬ್ಬಿಸಿತು. ಚಾರಿತ್ರಿಕವಾಗಿ ಅದು ಮುಖ್ಯ, ಕೆನಡಿಯವರ ಹಸಿರು ನೀಲಿ ಬಣ್ಣಗಳು ಮರೆಯುವಂಥವಲ್ಲ. ಕಥೆ ಮಾತ್ರ ಅವಸರದ್ದು. ಈ ಕಾಲದ ನಿಜವಾದ ಸಾಧನೆ ಜಾನ್ ಆಸ್ಟ್ರಾಂಡರ್ ಮತ್ತು ಜ್ಯಾನ್ ಡರ್ಸೀಮಾ ಜೋಡಿಯದು. ‘ದ ಫ್ಯಾಂಟಮ್ ಮೆನೇಸ್’ ಸಿನಿಮಾದ ಹಿನ್ನೆಲೆಯಲ್ಲಿ ಒಂದು ಗಳಿಗೆ ಕಾಣಿಸಿದ ಯಾವನೋ ಒಬ್ಬನಿಗೆ ಇವರು ಹೆಸರು ಕೊಟ್ಟು, ನೆನಪು ಕಳೆದುಕೊಂಡ ಜೆಡೈ ಕ್ವಿನ್‌ಲನ್ ವಾಸ್‌ನನ್ನಾಗಿ ಮಾಡಿದರು. ಅವನ ಶಿಷ್ಯೆಯಾಗಿ ಆಯ್ಲಾ ಸೆಕ್ಯೂರಾಳನ್ನು ಸೃಷ್ಟಿಸಿದರು. ಜಾನ್ ಫಾಸ್ಟರ್ ರಚಿಸಿದ ಅವಳ ಮುಖಪುಟಚಿತ್ರ ಲ್ಯೂಕಸ್ ಕಣ್ಣಿಗೆ ಬಿತ್ತು. 2002ರ ‘ಅಟ್ಯಾಕ್ ಆಫ್ ದ ಕ್ಲೋನ್ಸ್’ ಸಿನಿಮಾದ ಯುದ್ಧದಲ್ಲಿ ಆಯ್ಲಾ ನಿಂತಿದ್ದಳು. ಇದೇ ಜೋಡಿಯ ‘ಲೆಗಸಿ’ ಸುಮಾರು ಒಂದು ಶತಮಾನದ ಆಚೆ, ತನ್ನ ವಂಶದ ಹೆಸರೇ ಬೇಡವೆಂದು ಓಡುತ್ತಿರುವ ಕೇಡ್ ಸ್ಕೈವಾಕರ್‌ನ ಕಥೆ.

ಸಿನಿಮಾ ಒಂದನ್ನೂ ನೋಡಿರದವರು ಕೇಳಿದರೆ ನಾನು ಕೊಡುವ ಪುಸ್ತಕ ಬೇರೆ. ಜಾನ್ ಜ್ಯಾಕ್ಸನ್ ಮಿಲ್ಲರ್ ಅವರ ‘ನೈಟ್ಸ್ ಆಫ್ ದ ಓಲ್ಡ್ ರಿಪಬ್ಲಿಕ್’ 2006ರಿಂದ 2010ರವರೆಗೆ ಐವತ್ತು ಸಂಚಿಕೆ ಬಂತು. ಸಿನಿಮಾಗಳಿಗಿಂತ ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಕಾಲ. ಜೆಡೈ ವಿದ್ಯೆಯಲ್ಲಿ ಹಿಂದುಳಿದ ಜೇನ್ ಕ್ಯಾರಿಕ್ ಪದವಿಪ್ರದಾನಕ್ಕೆ ತಡವಾಗಿ ಓಡಿಬರುತ್ತಾನೆ. ಸಹಪಾಠಿಗಳೆಲ್ಲ ಹೆಣವಾಗಿ ಬಿದ್ದಿದ್ದಾರೆ, ಸುತ್ತ ನಿಂತಿರುವವರು ಅವರ ಗುರುಗಳೇ. ಕೊಲೆಯ ಆರೋಪ ಜೇನ್ ಮೇಲೆ ಬರುತ್ತದೆ. ಇದಕ್ಕಿಂತ ಗಟ್ಟಿಯಾದ ಮೊದಲ ಸಂಚಿಕೆ ಈ ಲೋಕದಲ್ಲಿ ಕಡಿಮೆ. ಕಾಲಕ್ರಮದ ಪಟ್ಟಿ ಹಿಡಿಯಬೇಡಿ ಎಂದವನೇ ಇಷ್ಟು ಹಿಂದಿನದನ್ನು ಹೇಳುತ್ತಿರುವುದಕ್ಕೆ ಕಾರಣ, ಇದು ಯಾವ ಸಿನಿಮಾದ ನೆನಪನ್ನೂ ಬೇಡದೆ ತನ್ನ ಕಾಲ ಮೇಲೆ ನಿಲ್ಲುತ್ತದೆ.

ಮಕ್ಕಳಿಗಾದರೆ ವೇಡರ್ ಸರಣಿಗಳು ಬೇಡ, ಅವುಗಳಲ್ಲಿ ಸಾವು ಚಿತ್ರಹಿಂಸೆ ಧಾರಾಳ. ಐಡಿಡಬ್ಲ್ಯು ಪ್ರಕಾಶನ 2017ರಿಂದ ತಂದ ‘ಸ್ಟಾರ್ ವಾರ್ಸ್ ಅಡ್ವೆಂಚರ್ಸ್’ ಅವರಿಗೆ ಒಗ್ಗುತ್ತದೆ. ನಾಲ್ಕು ವರ್ಷದ ಲೂಕ್‌ನನ್ನು ಸಾಕುವ ಅಪ್ಪನಾಗಿ ವೇಡರ್‌ನನ್ನು ತೋರಿಸುವ ಜೆಫ್ರಿ ಬ್ರೌನ್ ಅವರ ‘ಡಾರ್ತ್ ವೇಡರ್ ಅಂಡ್ ಸನ್’ ಮಕ್ಕಳ ಜೊತೆ ಕೂತು ದೊಡ್ಡವರೂ ನೋಡುವ ಪುಸ್ತಕ.

ಕೊಳ್ಳುವಾಗ ಬಿಡಿ ಸಂಚಿಕೆಗಳ ಹಿಂದೆ ಬೀಳಬೇಡಿ. ಐದಾರು ಸಂಚಿಕೆ ಸೇರಿಸಿ ಕಟ್ಟಿದ ಸಂಪುಟಗಳೇ ಓದಿಗೆ ಅನುಕೂಲ. ಬೆನ್ನಿನ ಮೇಲಿನ ಹೆಸರು, ಸಂಖ್ಯೆಗಿಂತ ಬರೆದವರ ಹೆಸರು ನೋಡಿಕೊಳ್ಳಿ. ‘ಡಾರ್ತ್ ವೇಡರ್’ ಮೇಲೆ ಗಿಲೆನ್ ಎಂದಿದ್ದರೆ 2015ರದ್ದು, ಸೂಲ್ ಎಂದಿದ್ದರೆ 2017ರದ್ದು, ಪಾಕ್ ಎಂದಿದ್ದರೆ 2020ರದ್ದು. ಹಳೆಯ ಮಾರ್ವೆಲ್, ಡಾರ್ಕ್ ಹಾರ್ಸ್ ಕಥೆಗಳನ್ನು ಈಗ ಮಾರ್ವೆಲ್ ‘ಎಪಿಕ್ ಕಲೆಕ್ಷನ್’ ಎಂಬ ದಪ್ಪ ಸಂಪುಟಗಳಲ್ಲಿ ಮರುಮುದ್ರಿಸಿದೆ. ಫೋನಿನಲ್ಲೋ ಟ್ಯಾಬ್ಲೆಟ್‌ನಲ್ಲೋ ಓದುವವರಿಗೆ ಚಂದಾ ಕಟ್ಟಿ ಓದುವ ಮಾರ್ವೆಲ್ ಅನ್‌ಲಿಮಿಟೆಡ್ ಇದೆ. ಬೆಂಗಳೂರಿನವರು ಚರ್ಚ್ ಸ್ಟ್ರೀಟ್‌ನ ಹಳೆಪುಸ್ತಕದ ಅಂಗಡಿಗಳ ಕಾಮಿಕ್ಸ್ ಕಪಾಟಿನ ಮೇಲೂ ಒಮ್ಮೆ ಕಣ್ಣಾಡಿಸಬಹುದು. ಒಟ್ಟಿಗೆ ಹತ್ತು ಪುಸ್ತಕ ಕೊಳ್ಳಬೇಡಿ. ಮೊದಲು ‘ಸ್ಕೈವಾಕರ್ ಸ್ಟ್ರೈಕ್ಸ್’ ಮತ್ತು ಗಿಲೆನ್ ಅವರ ‘ವೇಡರ್’ ಮೊದಲ ಸಂಪುಟ, ಈ ಎರಡನ್ನೇ ತಂದು ಓದಿ. ಆರನೇ ಸಂಚಿಕೆ ಮುಗಿದ ಮೇಲೂ ಮುಂದೇನೆಂದು ತಿಳಿಯುವ ಆಸೆ ಹುಟ್ಟದಿದ್ದರೆ ಈ ಲೋಕ ನಿಮ್ಮದಲ್ಲ, ನಿಮ್ಮ ಹಣವನ್ನು ಬೇರೆ ಕಾಮಿಕ್ಸ್‌ಗೆ ಇಟ್ಟುಕೊಳ್ಳಿ.